ಕುಂಬಾರನ ಅಂಗಳದ ಬೇಟೆನಾಯಿ

"ಗುರುಗಳೇ, ಜಪಕ್ಕೆ ಕೂತಾಗ ಮನಸ್ಸನ್ನು ಬಿಗಿಯಾಗಿ ಕಟ್ಟಿ ಕೂರಿಸುತ್ತೇನೆ. ಎದ್ದ ಮೇಲೆ ಅದು ಹೆಂಡತಿ ಮಕ್ಕಳ ಮೇಲೆ ಹರಿಹಾಯುತ್ತದೆ. ಇನ್ನಷ್ಟು ಬಿಗಿಯಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಕುರಿಗಾಹಿಯೊಬ್ಬ ಅವನಿಗೆ ಬೇಟೆನಾಯಿಯ ಮರಿಯೊಂದನ್ನು ಕೊಟ್ಟಿದ್ದ. ವರ್ಷ ತುಂಬುವುದರೊಳಗೆ ಅದು ಬಿಟ್ಟ ಬಾಣವಾಯಿತು. ಕುಂಬಾರನಿಗೆ ಅದೆಂದರೆ ಜೀವ. ಆದರೆ ಅಂಗಳದ ತುಂಬ ಹಸಿ ಗಡಿಗೆಗಳು, ಗಡಿಗೆಗಳ ನಡುವೆ ಅಂಬೆಗಾಲಿಡುವ ಕೂಸು. ದೊಡ್ಡ ಮಕ್ಕಳಿಬ್ಬರು ಕೇಕೆ ಹಾಕಿ ಓಡುವರು, ನಾಯಿ ಬೆನ್ನಟ್ಟುವುದು, ಒಂದು ಸಾಲು ಗಡಿಗೆ ಮಣ್ಣುಪಾಲು.

ಕುಂಬಾರ ನಾಯಿಯನ್ನು ಗೂಟಕ್ಕೆ ಕಟ್ಟಿದ. ಕಟ್ಟಿದೆನಲ್ಲ ಎಂಬ ಮರುಕಕ್ಕೆ ದಿನವೂ ಎರಡು ರೊಟ್ಟಿ ಹೆಚ್ಚು ಹಾಕಿದ. ರೊಟ್ಟಿ ಏರಿದಂತೆ ಸೊಕ್ಕೂ ಏರಿತು. ಒಂದು ದಿನ ಅದು ಹಗ್ಗ ಕಡಿದುಕೊಂಡು ಕುಣಿಯುತ್ತ ಬಂದು ಕೂಸನ್ನು ಕೆಡವಿತು. ಕೂಸಿನ ಹಣೆ ಒಡೆಯಿತು.

ಹೆಂಡತಿ ಗಾಯಕ್ಕೆ ಅರಿಸಿನ ಒತ್ತುತ್ತ ಹೇಳಿದಳು: "ಬರುವ ಅಮಾವಾಸ್ಯೆಗೆ ಈ ಮನೆಯಲ್ಲಿ ನಾಯಿ ಇರಬೇಕು, ಇಲ್ಲ ನಾವಿರಬೇಕು. ಯಾರು ಬೇಕೋ ನೀನೇ ನೋಡು."

ಕುಂಬಾರ ನಾಲ್ಕೆಳೆಯ ಹಗ್ಗ ಹೊಸೆಯಲು ಕೂತ. ಆಗ ಆ ಕುರಿಗಾಹಿ ಬೆಣ್ಣೆಗಡಿಗೆ ಕೊಳ್ಳಲು ಬಂದ. ಹಗ್ಗ ನೋಡಿ ನಕ್ಕ.

"ಏನಣ್ಣ, ಮನೆಗೆ ಆನೆ ತಂದೆಯೇನು?"

"ನೀನು ಕೊಟ್ಟದ್ದೇ ಮಾರಾಯ. ಇದಕ್ಕೆ ಏನು ಕಡಿಮೆ ಮಾಡಿದ್ದೇನೆ? ಮಕ್ಕಳಿಗಿಂತ ಹೆಚ್ಚು ಉಣ್ಣಿಸಿದ್ದೇನೆ."

"ಉಣ್ಣಿಸಿದೆ, ಸರಿ. ಓಡಿಸಿದೆಯಾ?"

ಮಾರನೆಯ ಬೆಳಗಿನಿಂದ ಕುಂಬಾರ ಮಣ್ಣು ತರಲು ಹೋಗುವಾಗ ಕತ್ತೆಯ ಜೊತೆ ನಾಯಿಯನ್ನೂ ಕರೆದೊಯ್ದ. ಬತ್ತಿದ ಕೆರೆಯಂಗಳದಲ್ಲಿ ಬಿಟ್ಟ. ಅದು ಮನದಣಿಯೆ ಓಡಿತು. ಮನೆಗೆ ಬಂದು ತೆಪ್ಪಗೆ ಮಲಗಿದರೆ ಮಾತ್ರ ರೊಟ್ಟಿ. ರೊಟ್ಟಿ ಕೊಡುವುದು ಕೂಸಿನ ಕೈ, ಆ ಕೈ ಹಿಡಿದದ್ದು ತಂದೆಯ ಕೈ. ದೊಡ್ಡ ಮಕ್ಕಳಿಗೂ ಕಟ್ಟಳೆಯಾಯಿತು: ಅದು ಉಣ್ಣುವಾಗ ಮುಟ್ಟಬಾರದು, ಅದರ ಮುಂದೆ ಕೇಕೆ ಹಾಕಿ ಓಡಬಾರದು. ಮೊದಮೊದಲು ಗಡಿಗೆ ಒಡೆದವು. ಒಡೆದ ಮಣ್ಣನ್ನು ಕುಂಬಾರ ಮತ್ತೆ ನೆನೆಹಾಕಿದ, ಮತ್ತೆ ತಿಗರಿಗೇರಿಸಿದ.

ಅಮಾವಾಸ್ಯೆ ಬಂತು. ಅಂಗಳದಲ್ಲಿ ಮದುವೆ ಮನೆಗೆಂದು ಮಾಡಿದ ನೂರು ಹಸಿ ಗಡಿಗೆ, ನಟ್ಟನಡುವೆ ನಾಯಿ ಮಲಗಿತ್ತು. ಹೆಂಡತಿ ಬಟ್ಟೆಗಂಟು ಹಿಡಿದು ಹೊಸ್ತಿಲಲ್ಲಿ ನಿಂತಳು. ಅಷ್ಟರಲ್ಲಿ ಕೂಸು ಅಂಬೆಗಾಲಿಟ್ಟು ಹೋಗಿ ನಾಯಿಯ ಕಿವಿ ಹಿಡಿಯಿತು. ಕುಂಬಾರ ದಡಕ್ಕನೆ ಎದ್ದ. ಆದರೂ ಕೂಗಲಿಲ್ಲ.

ನಾಯಿ ಮೆಲ್ಲನೆ ಎದ್ದಿತು. ಅದರ ಬೆನ್ನು ಹಿಡಿದು ಕೂಸೂ ಎದ್ದಿತು. ನಾಯಿ ಒಂದು ಹೆಜ್ಜೆ, ಕೂಸು ಒಂದು ಹೆಜ್ಜೆ. ಹಾಗೇ ಸಾಲುಗಳ ನಡುವೆ ಹಾದು ಹೊಸ್ತಿಲ ತನಕ ಬಂದವು. ನೂರರಲ್ಲಿ ಒಂದು ಗಡಿಗೆಯೂ ಅಲುಗಲಿಲ್ಲ.

"ನನ್ನ ಮಗಳು ನಡೆದಳು! ನೋಡ್ರೇ, ನಡೆದಳು!" ಎಂದು ಹೆಂಡತಿ ಕೇರಿಗೆಲ್ಲ ಕೇಳುವಂತೆ ಕೂಗಿದಳು. ಗಂಟು ಕೈಯಿಂದ ಜಾರಿತ್ತು. ಅಂದಿನ ಮೊದಲ ರೊಟ್ಟಿಯನ್ನು ಅವಳೇ ನಾಯಿಗೆ ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಮತ್ತೆ ಆ ನಾಲ್ಕೆಳೆಯ ಹಗ್ಗ?"

"ಅದರಿಂದ ಈಗ ಮನೆಮಂದಿಗೆಲ್ಲ ನೀರು ಸೇದುತ್ತಾರೆ."