ಕೊನೆಯ ಮೆಟ್ಟಿಲಲ್ಲಿ ಬಿಟ್ಟ ಒಂದು ಹಿಡಿ ಪಾಚಿ

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ. ಯಾರು ಏನು ಮಾಡಿದರೂ, ಏನು ಅಂದರೂ, ಅದರ ಗುರುತು ಹಾಗೇ ಉಳಿದುಬಿಡುತ್ತಿತ್ತು. ಆಗ ನೀರು ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು. ಪಾಚಿಗೆ ಮಾತ್ರ ಇನ್ನೂ ಮನೆ ಇರಲಿಲ್ಲ.

ಆ ಕಾಲದಲ್ಲಿ ಕೆಂಪಾಜಮ್ಮ ಎಂಬ ಅಜ್ಜಿಯಿದ್ದಳು. ಅವಳ ಮೊಮ್ಮಗಳು ಬೊಮ್ಮಿಗೆ ಒಂದು ಕಾಲು ಸ್ವಾಧೀನವಿರಲಿಲ್ಲ. ನೆಲದ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೋತು ಕೂರುತ್ತಿದ್ದಳು. ನೀರಿಗೆ ಇಳಿದರೆ ಮಾತ್ರ ಮೀನೇ ಸರಿ. ಆದರೆ ಹೊಳೆಯಲ್ಲಿ ಸೆಳವು ಹೆಚ್ಚು. ಅದಕ್ಕೇ ಅಜ್ಜಿ ಹಿತ್ತಲಲ್ಲಿ ಕಲ್ಲು ಕಟ್ಟಿ, ಮೆಟ್ಟಿಲಿಟ್ಟು, ಒಂದು ಈಜುಕೊಳ ಮಾಡಿದಳು. ಆಮೇಲೆ ಹೊಳೆಗೆ ಹೋಗಿ ನೀರನ್ನು ಕರೆದಳು.

“ಬರ್ತೀನಿ ತಾಯಿ,” ಎಂದಿತು ನೀರು. “ಆದರೆ ನನಗೆ ನನ್ನ ತಳ ಕಾಣ್ತಿರಬೇಕು. ಕಾಣದ ದಿನ ಎದ್ದು ಹೊಳೆಗೆ ಬಂದುಬಿಡ್ತೀನಿ. ಮತ್ತೆ ಕರೆದರೂ ಬರೋದಿಲ್ಲ.”

“ನನ್ನ ಮನೆ ಪಾತ್ರೆಗಳ ತಳ ನೋಡಿದೀಯಾ? ಮುಖ ಕಾಣುತ್ತೆ. ನಿನ್ನ ತಳ ಏನು ಮಹಾ, ಬಾ,” ಎಂದಳು ಕೆಂಪಾಜಮ್ಮ.

ನೀರು ಬಂತು. ಬೊಮ್ಮಿ ಈಜಿದಳು. ಅಜ್ಜಿಯ ಎದೆ ತಣ್ಣಗಾಯಿತು.

ಒಂದು ದಿನ ಕೊಕ್ಕರೆಯೊಂದು ಮೆಟ್ಟಿಲ ಮೇಲೆ ಇಳಿಯಿತು. ಅದರ ಕಾಲಿಗೆ ಅಂಟಿಕೊಂಡು ಪಾಚಿ ಬಂತು. ಸಾಸಿವೆ ಕಾಳಿನಷ್ಟಿತ್ತು. “ಬಿಸಿಲಿದೆ, ನೀರಿದೆ. ಇನ್ನೇನು ಬೇಕು?” ಎಂದು ಅಲ್ಲೇ ಕುಳಿತಿತು.

ಎಂಟು ದಿನದಲ್ಲಿ ಗೋಡೆಯೆಲ್ಲ ಹಸಿರು.

ಅಜ್ಜಿ ಸೆರಗು ಸಿಕ್ಕಿಸಿ, ತೆಂಗಿನ ನಾರು ಹಿಡಿದು ಉಜ್ಜಿದಳು. ಉಜ್ಜಿದ್ದನ್ನೆಲ್ಲ ಬುಟ್ಟಿಗೆ ಬಾಚಿ ದೂರ ಚೆಲ್ಲಿದಳು. ಕೊನೆಯ ಮೆಟ್ಟಿಲಿನ ಮೂಲೆಯಲ್ಲಿ ಒಂದು ಹಿಡಿ ಉಳಿದಿತ್ತು. ಅಲ್ಲಿ ಅವಳ ಕೈ ನಿಂತಿತು. ಅಕ್ಕಿಯ ಮಡಕೆಯಲ್ಲಿ ಯಾವಾಗಲೂ ಒಂದು ಹಿಡಿ ಅಕ್ಕಿ ಉಳಿಸುವವಳು ಅವಳು. ಮೊಸರಿನ ಗಡಿಗೆಯಲ್ಲಿ ಹೆಪ್ಪಿಗೆ ಬೇಕಾದಷ್ಟು ಉಳಿಸುವವಳು. ಏನನ್ನೂ ಪೂರ್ತಿ ಬರಿದು ಮಾಡಿದರೆ ಮನೆಗೆ ಒಳ್ಳೆಯದಲ್ಲ.

“ಇಷ್ಟು ಇರಲಿ,” ಎಂದು ಮೇಲೆ ಹತ್ತಿದಳು.

ಹಿತ್ತಲ ಗೋಡೆಯ ಮೇಲೆ ಅವಳು ದಿನಕ್ಕೊಂದು ಇದ್ದಿಲಿನ ಗೆರೆ ಎಳೆಯುತ್ತಿದ್ದಳು. ಕೊಳ ಉಜ್ಜಿದ ದಿನ ಒಂದು ಸುಣ್ಣದ ಬೊಟ್ಟು.

ಐದು ಗೆರೆಯಾಗುವಷ್ಟರಲ್ಲಿ ಮತ್ತೆ ಹಸಿರು. ಉಜ್ಜಿದಳು, ಒಂದು ಹಿಡಿ ಬಿಟ್ಟಳು, ಬೊಟ್ಟಿಟ್ಟಳು. ಮೂರು ಗೆರೆಗೆ ಮತ್ತೆ ಹಸಿರು. ಉಜ್ಜಿದಳು, ಒಂದು ಹಿಡಿ ಬಿಟ್ಟಳು, ಬೊಟ್ಟಿಟ್ಟಳು.

ಎರಡೇ ದಿನಕ್ಕೆ ಬೊಮ್ಮಿ ನೀರಿನಿಂದ ಕೂಗಿದಳು. “ಅಜ್ಜೀ, ನನ್ನ ಕಾಲೇ ನನಗೆ ಕಾಣ್ತಿಲ್ಲ!”

“ನನಗೂ ತಳ ಕಾಣ್ತಿಲ್ಲ ತಾಯಿ,” ಎಂದಿತು ನೀರು. “ಹೊತ್ತು ಮುಳುಗೋವರೆಗೆ ನೋಡ್ತೀನಿ. ಆಮೇಲೆ ಹೊರಟೆ.”

ಬೊಮ್ಮಿ ಮೆಟ್ಟಿಲನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡಳು.

ಅಜ್ಜಿಗೆ ಪಾಚಿಯ ಮೇಲೆ ಸಿಟ್ಟು ಬಂತು. “ಎಷ್ಟು ಸಲ ಓಡಿಸಿದರೂ ಬರ್ತೀಯಲ್ಲ, ಮಾನ ಮರ್ಯಾದೆ ಬೇಡ್ವಾ ನಿನಗೆ?”

“ಓಡಿಸಿದ್ದು ಯಾವಾಗ ಅಜ್ಜಿ?” ಪಾಚಿಗೆ ನಿಜವಾಗಿಯೂ ಆಶ್ಚರ್ಯ. “ಪ್ರತಿ ಸಲವೂ ನೀನೇ ನನ್ನನ್ನ ಹೆಪ್ಪು ಹಾಕಿ ಹೋದೆ. ಬೆಳೀಲಿ ಅಂತ ತಾನೇ ಒಂದು ಹಿಡಿ ಬಿಟ್ಟಿದ್ದು? ಬೆಳೆದೆ.”

ಗಾಳಿ ಕಿಸಕ್ಕನೆ ನಕ್ಕಿತು. “ಅಜ್ಜಿಯ ಕೈಗುಣ ನೋಡ್ರಪ್ಪ!”

“ನೀನು ಸುಮ್ಮನಿರೋ, ಅಲೆಮಾರಿ,” ಎಂದು ಅಜ್ಜಿ ಗದರಿದಳು. ಆದರೆ ಕಣ್ಣು ಗೋಡೆಯ ಕಡೆ ಹೋಯಿತು. ಎಂಟು ಗೆರೆ. ಐದು ಗೆರೆ. ಮೂರು ಗೆರೆ. ಎರಡು ಗೆರೆ. ಅವಳೇ ಎಳೆದ ಗೆರೆಗಳು.

ಮತ್ತೆ ನಾರು ಹಿಡಿದಳು. ಉಜ್ಜುತ್ತ ಉಜ್ಜುತ್ತ ಕೊನೆಯ ಮೂಲೆಗೆ ಬಂದಾಗ ಅಭ್ಯಾಸದಿಂದ ಕೈ ಮತ್ತೆ ನಿಂತಿತು. ಬಿಸಿಲು ಆಗಲೇ ಹಳದಿಯಾಗಿತ್ತು. ಅಜ್ಜಿ ಬೊಮ್ಮಿಯ ಮುಖ ನೋಡಿದಳು. ಹುಟ್ಟಿದಾಗಿನಿಂದ ಮಾಡದ ಕೆಲಸವನ್ನು ಅಂದು ಮಾಡಿದಳು. ಆ ಕೊನೆಯ ಹಿಡಿಯನ್ನೂ ಬಾಚಿದಳು.

“ಅಜ್ಜೀ, ಅಷ್ಟೂ ಬೇಡ!” ಪಾಚಿ ಹೆದರಿ ಕಲ್ಲಿನ ಸಂದಿಗೆ ಸಾಸಿವೆಯಷ್ಟಾಗಿ ಜಾರಿತು. “ಇರಲಿ ಅಂದವಳು ನೀನೇ!”

“ಅಂದೆ,” ಎಂದಳು ಕೆಂಪಾಜಮ್ಮ. “ಅಂದಿದ್ದನ್ನ ವಾಪಸು ತಗೊಳ್ಳೋಳಲ್ಲ ನಾನು. ನನ್ನ ಉಗುರಿಗೆ ಸಿಗದಂಥ ಸಂದಿಯಲ್ಲಿ ನೀನು ಇರು. ಕಣ್ಣಿಗೆ ಕಂಡೆಯೋ, ಒಂದು ಎಳೆಯನ್ನೂ ಬಿಡೋದಿಲ್ಲ.”

ಕದಡಿದ ಕೊಳ ತಿಳಿಯಾಯಿತು. ಕೆಳಗೆ ಒಂದು ಬೆಣಚುಕಲ್ಲು ಕಂಡಿತು, ಆಮೇಲೆ ಹತ್ತು ಕಂಡವು. ಏಳಲು ಹೊರಟಿದ್ದ ನೀರು ಮತ್ತೆ ಕುಳಿತುಕೊಂಡಿತು. ಬೊಮ್ಮಿ ಮೆಟ್ಟಿಲು ಬಿಟ್ಟು ಒಳಕ್ಕೆ ಜಾರಿದಳು.

ಅಂದಿನಿಂದ ಪಾಚಿ ಆ ಮಾತನ್ನು ಮರೆತಿಲ್ಲ. ಅದಕ್ಕೇ ಮಕ್ಕಳೇ, ಇಂದಿಗೂ ಈಜುಕೊಳದ ಗೋಡೆ ಎಷ್ಟೇ ಬೆಳ್ಳಗಿದ್ದರೂ, ಹಸಿರು ಮೊದಲು ಇಣುಕುವುದು ಕೊನೆಯ ಮೆಟ್ಟಿಲಿನ ಮೂಲೆಯಲ್ಲಿ. ಮನೆಯ ಹಿರಿಯರು ಬ್ರಷ್ ಹಿಡಿದು ಇಳಿದಾಗ ಮೊದಲು ಬಗ್ಗಿ ನೋಡುವುದೂ ಅದೇ ಮೂಲೆಯನ್ನು.