ಹನ್ನೊಂದು ಬಾಗಿಲು

ಪೊಲೀಸ್ ನಾಯಿ ಚಂಪಾಳ ಮೂಗು ಮೂರು ಜಿಲ್ಲೆಗೆ ಹೆಸರುವಾಸಿ. ಕಳ್ಳನಿಗೆ ನಾಳೆ ಬರುವ ನೆಗಡಿಯನ್ನೂ ಇವತ್ತೇ ಮೂಸಿ ಹಿಡಿಯುತ್ತಿದ್ದಳಂತೆ, ನಂಬಿದರೆ ನಂಬಿ. ಹೂ ಮಾರುವ ನೀಲವ್ವನನ್ನು ಯಾರೋ ಹಾಡಹಗಲೇ ಇರಿದು ಕೊಂದ ಮಾರನೆಯ ದಿನ ಚಂಪಾಳನ್ನು ಆ ಬೀದಿಗೆ ಕರೆತಂದರು. ಬೀದಿನಾಯಿ ಮೋಟು ಕಾದು ನಿಂತಿದ್ದ. ಅವನಿಗೆ ದಿನಾ ಬನ್ನು ಮುರಿದು ಹಾಕುತ್ತಿದ್ದವಳು ನೀಲವ್ವ ಒಬ್ಬಳೇ, ಕೊಂದವನು ಸಿಗಲೇಬೇಕಿತ್ತು.

ಚಂಪಾ ನೀಲವ್ವನ ಬುಟ್ಟಿ ಮೂಸಿದಳು, ಮೊದಲ ಮನೆಯ ಬಾಗಿಲಿಗೆ ಹೋಗಿ ಕೂತಳು. ಎದ್ದು ಎರಡನೆಯದಕ್ಕೆ ಹೋಗಿ ಕೂತಳು. ಹೀಗೆ ಹನ್ನೊಂದು ಬಾಗಿಲು. ಟೀವಿಯವರು ನಕ್ಕರು.

"ಹೂವಿನವಳ ವಾಸನೆ ಎಲ್ಲ ಬಾಗಿಲಲ್ಲೂ ಇರುತ್ತಪ್ಪ. ಇದರ ಮೂಗು ಹೋಯ್ತು," ಎಂದು ಇನ್ಸ್‌ಪೆಕ್ಟರು ಜೀಪು ತರಿಸಿದರು.

"ಸರ್ಕಾರಿ ಅನ್ನ ತಿಂದು ಇಷ್ಟೇನಾ ಚಂಪಕ್ಕ?" ಎಂದ ಮೋಟು.

"ಹೂವಿನ ವಾಸನೆ ಚಿಲಕದ ಎತ್ತರದಲ್ಲಿತ್ತು ತಮ್ಮ. ನಾನು ಹಿಡಿದದ್ದು ಹೊಸ್ತಿಲ ಮೇಲಿನ ರಕ್ತದ್ದು. ತೊಳೆದು ರಂಗೋಲಿ ಹಾಕಿದ್ದಾರೆ, ಆದರೂ ಹೋಗಿಲ್ಲ. ಕೊಂದವನು ರಸ್ತೆಯತ್ತ ಓಡಿದ. ನೀಲವ್ವ ಬಾಗಿಲಿಂದ ಬಾಗಿಲಿಗೆ ತೆವಳಿದಳು."

"ಎಲ್ಲ ಮನೆಗಳಲ್ಲೂ ಜನ ಇದ್ದರಾ?"

"ಹನ್ನೊಂದರಲ್ಲೂ ಇದ್ದರು. ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತವರ ಬೆವರು ಸಂದಿಯಿಂದ ಇನ್ನೂ ಬರುತ್ತಿದೆ. ಹನ್ನೆರಡನೆಯ ಜಾಗಕ್ಕೆ ನನ್ನನ್ನು ಬಿಡಲಿಲ್ಲ. ಚರಂಡಿ ಪಕ್ಕದಲ್ಲಿ ನೀನು ಮಲಗುವ ಗೋಣಿಚೀಲ. ಅವಳ ವಾಸನೆ ಅಲ್ಲಿಗೆ ಬಂದು ನಿಂತಿದೆ."

ಮೋಟು ತಲೆ ತಗ್ಗಿಸಿದ.

"ಬೊಗಳಿದೆ ಅಕ್ಕ. ಇಡೀ ಬೀದಿಗೆ ಕೇಳಿಸೋ ಹಾಗೆ ಬೊಗಳಿದೆ. ಕೊನೆಗೆ ಒಂದು ಕಿಟಕಿ ತೆರೆಯಿತು. ಅಲ್ಲಿಂದ ನನಗೆ ಕಲ್ಲು ಬಿತ್ತು."