ಚಿಪ್ಪಿಯ ಮಡಿಲಕ್ಕಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಡಲ ದಂಡೆಯಲ್ಲಿ ಗುಡ್ಡಮ್ಮ ಅಂತ ಒಂದು ಕೆಂಪು ಗುಡ್ಡ. ಆಗ ಅವಳ ತಲೆ ಮೋಡಕ್ಕೆ ತಾಗುತ್ತಿತ್ತು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಚಿಪ್ಪಿ, ಬಿಳಿ ಮರಳಿನ ಪುಟ್ಟ ದ್ವೀಪ. ಚಿಕ್ಕವಳು ಹೊಳೆ. ಚಿಪ್ಪಿಯನ್ನು ಕಡಲರಾಯನಿಗೆ ಮದುವೆ ಮಾಡಿಕೊಟ್ಟರು. ಅವಳು ದೂರದ ನೀಲಿ ನೀರಲ್ಲಿ ಹೋಗಿ ಕೂತಳು.

ಚಂದದ ದ್ವೀಪ ನೋಡೋದಕ್ಕೆ ಯಾರಿಗೆ ಆಸೆಯಿಲ್ಲ? ದೋಣಿಯ ಹಿಂದೆ ದೋಣಿ, ನೆಂಟರ ಹಿಂದೆ ನೆಂಟರು. ಆದರೆ ಬಂದವರು ಬಂದ ಹಾಗೇ ತಿರುಗಿದರು. ನೆಂಟರ ಬಾಯಿಗೆ ಬೀಗ ಉಂಟೇ?

"ಅಯ್ಯೋ, ಏನು ಮನೆಯಪ್ಪಾ ಇದು! ಕೂರೋಕೆ ನೆರಳಿಲ್ಲ, ಕುಡಿಯೋಕೆ ಗುಟುಕು ಸಿಹಿನೀರಿಲ್ಲ."

ಚಿಪ್ಪಿ ನಾಚಿಕೆಯಿಂದ ಕುಗ್ಗಿಹೋದಳು. ಹಾರಿಹೋಗುತ್ತಿದ್ದ ಕಡಲಹಕ್ಕಿಯನ್ನು ಕರೆದಳು. "ಅಮ್ಮನಿಗೆ ಹೇಳು. ಲೋಕವೆಲ್ಲ ಬಂತು, ತವರಿನವರು ಒಬ್ಬರೂ ಬರಲಿಲ್ಲ ಅಂತ ಹೇಳು."

ಆ ಮಾತು ಕೇಳಿ ಗುಡ್ಡಮ್ಮನ ಕರುಳು ಕಿತ್ತು ಬಂತು. ಹೋಗೋಣವೆಂದರೆ ಗುಡ್ಡಕ್ಕೆ ಕಾಲೆಲ್ಲಿ? ಮಗಳ ಮಡಿಲು ತುಂಬೋಣವೆಂದರೆ ಅವಳ ಹತ್ತಿರ ಇದ್ದದ್ದು ಮೈಮೇಲಿನ ಮಣ್ಣೊಂದೇ.

"ಮಳೆರಾಯಾ, ನನ್ನ ಮೈ ಕರಗಿಸು" ಅಂದಳು. "ಮಗಳೇ ಹೊಳೆ, ಇದನ್ನು ಅಕ್ಕನ ಮಡಿಲಿಗೆ ಹಾಕಿ ಬಾ."

"ಬೇಡಮ್ಮಾ, ನೀನು ಸವೆದು ಹೋಗ್ತೀಯ!" ಹೊಳೆ ಅತ್ತಳು.

"ಸವೀಲಿ ಬಿಡು. ಮಗಳು ನಾಲ್ಕು ಜನರ ಮುಂದೆ ತಲೆ ಎತ್ತಿ ಬಾಳಲಿ."

ಆಷಾಢದಲ್ಲಿ ಹೊಳೆ ಕೆಂಪಾಗಿ ಕಡಲಿಗೆ ನುಗ್ಗಿದಳು. ಕಡಲರಾಯ ಸಿಟ್ಟಿನಿಂದ ಅಡ್ಡ ನಿಂತ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು! ನನ್ನ ನೀಲಿ ನೀರನ್ನೆಲ್ಲ ಕೆಸರು ಮಾಡಿದೆಯಲ್ಲ!"

"ಭಾವಾ, ಇದು ಕೆಸರಲ್ಲ. ನಮ್ಮಮ್ಮನ ಮೈ."

ಕಡಲರಾಯ ದಡದ ಕಡೆ ನೋಡಿದ. ಮೋಡಕ್ಕೆ ತಾಗುತ್ತಿದ್ದ ಅತ್ತೆಯ ತಲೆ ಅರ್ಧಕ್ಕೆ ಇಳಿದಿತ್ತು. ಅಡ್ಡ ನಿಂತವನು ಪಕ್ಕಕ್ಕೆ ಸರಿದ. ಹೊಳೆಗೆ ಅಂದ: "ಮಳೆಗಾಲವೆಲ್ಲ ತವರಿನವರದು. ಬೇರೆ ಯಾವ ನೆಂಟರೂ ಇತ್ತ ಸುಳಿಯಬಾರದು. ಬಾಗಿಲಲ್ಲಿ ನಾನೇ ನಿಲ್ತೀನಿ. ನೀನು ಹೋಗು, ಅಕ್ಕ ಕಾಯ್ತಿದ್ದಾಳೆ."

ಆ ಮಣ್ಣಲ್ಲಿ ತೆಂಗು ಎದ್ದವು, ಸಿಹಿನೀರು ನಿಂತಿತು. ಚಿಪ್ಪಿ ತಲೆ ಎತ್ತಿದಳು. ಗುಡ್ಡಮ್ಮ ಮಾತ್ರ ಮಳೆ ಬಂದಾಗಲೆಲ್ಲ ಕರಗುತ್ತಲೇ ಇದ್ದಾಳೆ.

ಅದಕ್ಕೇ ಮಗು, ಮಳೆಗಾಲದಲ್ಲಿ ಕಡಲು ಅಬ್ಬರಿಸುತ್ತದೆ, ನೀರು ಕೆಂಪಾಗುತ್ತದೆ, ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ದಡದ ಗುಡ್ಡ ಇಷ್ಟು ಕುಳ್ಳಗಿರುವುದೂ ಅದಕ್ಕೇ. ಬೇಸಿಗೆಯಲ್ಲಿ ನೀನು ಅಲ್ಲಿಗೆ ಹೋದಾಗ, ಬಿಳಿ ಮರಳಿನ ನಡುವೆ ತೆಂಗಿನ ಬುಡದಲ್ಲಿ ಹಿಡಿಯಷ್ಟು ಕೆಂಪು ಮಣ್ಣು ಕಾಣುತ್ತದೆ. ಕಾಲಿಗೆ ಅಂಟಿದ್ದನ್ನು ದೋಣಿ ಹತ್ತುವ ಮುಂಚೆ ಅಲ್ಲೇ ಕೊಡವಿ ಬಾ. ಅದು ಚಿಪ್ಪಿಗೆ ಅವಳಮ್ಮ ಕೊಟ್ಟ ಮಡಿಲಕ್ಕಿ.